ಹತ್ತು ಪೌಂಡಿನ ಗುಂಡು

ಬಿ.ಎ. ಓದುವವನಿಗೆ ತಿಳಿಯದ ವಿಷಯ ಲೋಕದಲ್ಲಿಲ್ಲವೆಂಬ ನಂಬಿಕೆ ನಮ್ಮ ಮನೆಯಲ್ಲಿ ಬಲವಾಗಿದೆ. ರೇಷನ್ ಕಾರ್ಡಿನ ಅರ್ಜಿಯಿಂದ ಹಿಡಿದು ಅಜ್ಜಿಯ ಕಣ್ಣಿನ ಔಷಧದ ಚೀಟಿಯವರೆಗೆ, ಇಂಗ್ಲಿಷಿನಲ್ಲಿರುವುದೆಲ್ಲ ನನ್ನ ಪಾಲಿಗೆ ಬರುತ್ತದೆ. ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದ್ದರಿಂದ ಈ ಅಧಿಕಾರವನ್ನು ಕಸಿಯುವವರು ಯಾರೂ ಇಲ್ಲ. ನಾನಾಗಿ ಅದನ್ನು ಬಿಟ್ಟುಕೊಟ್ಟವನೂ ಅಲ್ಲ. ಹೀಗಿರುವಾಗ ಕಳೆದ ಮಳೆಗಾಲದಲ್ಲಿ ಡೌನ್‌ರಿಗ್ಗರ್ ಎಂಬ ಒಂದು ಸಣ್ಣ ಯಂತ್ರ ಕೆನಡಾ ದೇಶದಿಂದ ನಮ್ಮ ಗಂಗೊಳ್ಳಿಯ ಜಗಲಿಗೆ ಬಂತು. ಯಂತ್ರವಲ್ಲ, ಅದರ ಮಾತು ಬಂತು.

ನನ್ನ ಸೋದರಮಾವನ ಮಗ, ನಾನು ಭಾವನೆಂದು ಕರೆಯುವವನು, ವ್ಯಾಂಕೂವರ್ ದ್ವೀಪದ ನನೈಮೊ ಎಂಬ ಊರಿನ ಹೋಟೆಲೊಂದರಲ್ಲಿ ಅಡಿಗೆ ಕೆಲಸಕ್ಕಿದ್ದಾನೆ. ಗಂಗೊಳ್ಳಿಯವನನ್ನು ಸಮುದ್ರದ ಮಗ್ಗುಲಲ್ಲಿ ಇಟ್ಟರೆ ಸುಮ್ಮನೆ ಕೂತಾನೆಯೇ? ಜೊತೆಗಾರನೊಬ್ಬನೊಡನೆ ಪಾಲು ಹಾಕಿ ಹದಿನಾಲ್ಕು ಅಡಿಯ ಹಳೆಯ ಅಲ್ಯೂಮಿನಿಯಂ ದೋಣಿ ಕೊಂಡ. ಸಾಲ್ಮನ್ ಹಿಡಿಯಲು ಸರ್ಕಾರದ ಪರವಾನಿಗೆಯನ್ನೂ ಮಾಡಿಸಿದ. ಅಲ್ಲಿ ಸಾಲ್ಮನ್ ಮೀನಿಗೆ ಹಿಮ್ಮುಳ್ಳಿಲ್ಲದ ಗಾಳವನ್ನೇ ಹಾಕಬೇಕೆಂದು ಕಾನೂನಿದೆಯಂತೆ. ಹಿಮ್ಮುಳ್ಳಿಲ್ಲದ್ದೂ ಒಂದು ಗಾಳವೇ ಎಂದು ಅಪ್ಪಯ್ಯ ಒಂದು ದಿನವೆಲ್ಲ ನಕ್ಕರು.

ಬೇಸಿಗೆಯಲ್ಲಿ ಚಿನೂಕ್ ಜಾತಿಯ ದೊಡ್ಡ ಸಾಲ್ಮನ್‌ಗಳು ಹೆಚ್ಚಾಗಿ ಆಳದಲ್ಲಿರುತ್ತವೆ. ದೋಣಿ ಮೆಲ್ಲನೆ ಸಾಗುತ್ತಿರುವಾಗ ಹಿಂದೆ ಎಳೆದುಕೊಂಡು ಹೋಗುವ ಹಗುರವಾದ ಗಾಳ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಗಾಳದ ದಾರಕ್ಕೇ ಭಾರ ಕಟ್ಟಿದರೆ ಮೀನಿನೊಡನೆ ಆ ಭಾರವನ್ನೂ ಎಳೆಯಬೇಕು. ಅದಕ್ಕೆ ಅಲ್ಲಿಯವರು ದೋಣಿಯ ಅಂಚಿಗೆ ಕೈಯಿಂದ ತಿರುಗಿಸುವ ಒಂದು ರಾಟೆ ಕೂರಿಸುತ್ತಾರೆ. ರಾಟೆಯಿಂದ ಹೊರಚಾಚಿದ ಒಂದು ತೋಳು, ತೋಳಿನ ತುದಿಯಿಂದ ಇಳಿಯುವ ಉಕ್ಕಿನ ತಂತಿ, ತಂತಿಯ ಕೊನೆಗೆ ಎಂಟು ಹತ್ತು ಪೌಂಡಿನ ಸೀಸದ ಗುಂಡು. ಗುಂಡಿನ ಹತ್ತಿರ ಒಂದು ಚಿಮಟವಿದ್ದು ಗಾಳದ ದಾರವನ್ನು ಕಚ್ಚಿ ಹಿಡಿದಿರುತ್ತದೆ. ಮೀನು ಎಳೆದೊಡನೆ ಚಿಮಟ ದಾರವನ್ನು ಬಿಟ್ಟುಬಿಡುತ್ತದೆ. ಗುಂಡು ತನ್ನ ಪಾಡಿಗೆ ತಾನು, ಮೀನೂ ಮನುಷ್ಯನೂ ತಮ್ಮ ಪಾಡಿಗೆ ತಾವು! ಪೆಸಿಫಿಕ್ ಕರಾವಳಿಯ ವೃತ್ತಿಗಾರರು ಇಂಥ ಕೈರಾಟೆಯನ್ನು ಮೊದಲಿನಿಂದ ಬಳಸುತ್ತಿದ್ದರು. 1966ರಲ್ಲಿ ಅಮೆರಿಕದ ಮಿಚಿಗನ್ ರಾಜ್ಯದವರು ಮಿಚಿಗನ್ ಸರೋವರಕ್ಕೆ ಸೇರುವ ಹೊಳೆಗಳಲ್ಲಿ ಕೋಹೋ ಸಾಲ್ಮನ್ ಮರಿಗಳನ್ನು ಬಿಟ್ಟರು. ಅವು ಬೆಳೆದು ಬೇಸಿಗೆಯಲ್ಲಿ ಸರೋವರದ ತಣ್ಣನೆಯ ಆಳಕ್ಕೆ ಇಳಿಯತೊಡಗಿದ ಮೇಲೆ ಹವ್ಯಾಸಿಗಳ ಸಣ್ಣ ದೋಣಿಗಳಲ್ಲೂ ಈ ಸಾಧನ ಹಬ್ಬಿತು.

ಯಾವುದನ್ನು ಕೊಳ್ಳಲಿ, ಎಲ್ಲಿ ಕೂರಿಸಲಿ ಎಂಬುದು ಭಾವನ ಪ್ರಶ್ನೆ. ಅಲ್ಲಿ ರಾತ್ರಿ ಎಂಟು, ಇಲ್ಲಿ ಬೆಳಿಗ್ಗೆ ಎಂಟೂವರೆ. ಕಡಲು ಕೆಟ್ಟಿತ್ತು. ಅಪ್ಪಯ್ಯ ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದರು. "ಮಾವನನ್ನು ಕೇಳು" ಎಂದು ಭಾವ ಹೇಳಿದರೂ ನಾನು ಕೇಳಲಿಲ್ಲ. ಸಾಲ್ಮನ್ನನ್ನೇ ಕಾಣದ ಅಪ್ಪಯ್ಯನನ್ನು ಕೇಳುವುದೇನು? ಎರಡು ದಿನ ಕುಳಿತು ಇಂಗ್ಲಿಷ್ ಕೈಪಿಡಿಗಳನ್ನು ಓದಿದೆ. ವಿದ್ಯುತ್ತಿನದಕ್ಕೆ ಬ್ಯಾಟರಿಯ ಹಂಗು, ಆದ್ದರಿಂದ ಕೈರಾಟೆಯೇ ಮೇಲು. ನಾಲ್ಕು ಅಡಿ ತೋಳಿನದಾದರೆ ಗುಂಡು ದೋಣಿಯಿಂದ ದೂರವಿರುತ್ತದೆ, ಅದೇ ಇರಲಿ. ಎಷ್ಟು ಅಡಿ ಇಳಿಯಿತೆಂದು ತೋರಿಸುವ ಅಂಕಿಯ ಗಡಿಯಾರವೂ ಇರಲಿ. ಹೀಗೆ ಒಂದು ಪುಟ ಬರೆದು, ಕಳಿಸುವ ಮೊದಲು ಹೆಮ್ಮೆಗಾಗಿ ಅಪ್ಪಯ್ಯನಿಗೆ ಓದಿ ಹೇಳಿದೆ.

ಅಪ್ಪಯ್ಯ ಸೂಜಿ ನಿಲ್ಲಿಸಲಿಲ್ಲ. "ತಂತಿ ಓರೆ ಆತ್ತಲ್ದಾ? ನೂರಡಿ ಎಲ್ಲಿಂದ ಬಂತ್?" ಎಂದರು. ನಾನು ಒಳಗೆ ಹೋಗಿ ಹೈಸ್ಕೂಲಿನ ತ್ರಿಕೋನಮಿತಿಯನ್ನು ನೆನಪಿಸಿಕೊಂಡು ಲೆಕ್ಕ ಹಾಕಿದೆ. ತಂತಿ ಮೂವತ್ತು ಡಿಗ್ರಿ ಓರೆಯಾದರೆ ನೂರು ಅಡಿ ಬಿಟ್ಟದ್ದು 87 ಅಡಿ ಆಳಕ್ಕೆ ಮಾತ್ರ ಹೋಗುತ್ತದೆ. ಗಡಿಯಾರ ತೋರಿಸುವುದು ಬಿಟ್ಟ ತಂತಿಯನ್ನು, ಆಳವನ್ನಲ್ಲ.

"ಹಿಡಿಯೋನು ಕೂಕಂಬುದ್ ಎಲ್ಲಿ?" ಎಂಬುದು ಎರಡನೆಯ ಪ್ರಶ್ನೆ. ನಾಲ್ಕು ಅಡಿ ತೋಳಿನ ತುದಿಯ ಗುಂಡನ್ನು ಹಿಡಿಯಲು ಸಣ್ಣ ದೋಣಿಯಲ್ಲಿ ಮೈಯೆಲ್ಲ ಹೊರಗೆ ಚಾಚಬೇಕು. ತೋಳು ಉದ್ದವಾದಷ್ಟೂ ಬುಡ ಕೀಳುವ ಬಲವೂ ಹೆಚ್ಚು. ಎರಡು ಅಡಿ ಸಾಕು. ಎಂಜಿನ್ ಹಿಡಿದು ಕೂತವನ ಕೈಗೆ ಎಟಕುವಂತೆ ಕೂರಿಸಬೇಕು, ಆದರೆ ದೋಣಿ ಥಟ್ಟನೆ ತಿರುಗಿದಾಗ ತಂತಿ ಎಂಜಿನ್ನಿನ ರೆಕ್ಕೆಗೆ ಸಿಕ್ಕದಷ್ಟು ಮುಂದಿರಬೇಕು. ಅಲ್ಯೂಮಿನಿಯಂ ಅಂಚು ತೆಳ್ಳಗಿರುವುದರಿಂದ ಕೆಳಗೊಂದು ಗಟ್ಟಿ ಹಲಗೆ ಕೊಟ್ಟು, ಬರಿಯ ಸ್ಕ್ರೂ ಹಾಕದೆ ಬೋಲ್ಟು ತೂರಿಸಿ, ಅಗಲವಾದ ವಾಷರು ಹಾಕಿ ಬಿಗಿಯಬೇಕು. ಉಪ್ಪುನೀರಿನಲ್ಲಿ ಸ್ಟೀಲು ತಾಗಿದ ಅಲ್ಯೂಮಿನಿಯಂ ತಿಂದುಹೋಗುತ್ತದೆ. ನಡುವೆ ನೈಲಾನ್ ವಾಷರು ಬೇಕು. ಈ ಕೊನೆಯದೊಂದು ಮಾತ್ರ ನಾನು ಪುಸ್ತಕದಿಂದ ಹೇಳಿದ್ದು. ಅಪ್ಪಯ್ಯ ತಲೆದೂಗಿದರು. ಇಂದಿಗೂ ಅದು ನನಗೆ ಸಮಾಧಾನ.

ಆಮೇಲೆ ಸೂಜಿ ನಿಂತಿತು. "ಮೀನ್ ಎಳದ್ರೆ ಬಿಡುಕೆ ಚಿಮಟ ಇತ್ತ್. ಕಲ್ ಎಳದ್ರೆ ಬಿಡೂದ್ ಯಾರ್?"

ನನ್ನಲ್ಲಿ ಉತ್ತರವಿರಲಿಲ್ಲ. ಅಪ್ಪಯ್ಯ ಗಾಳ ಹಾಕುವುದು ಬರಿಗೈಯಲ್ಲಿ. ತೋರುಬೆರಳ ಮೇಲೆ ದಾರ ಉಜ್ಜಿ ಉಜ್ಜಿ ಗೆರೆ ಬಿದ್ದಿದೆ. ತಳದ ಕಲ್ಲಿಗೆ ಸೀಸ ಸಿಕ್ಕಿದರೆ ಬೆರಳಿಗೆ ತಿಳಿಯುತ್ತದೆ, ಕೈ ಸಡಿಲುತ್ತದೆ. ಬೋಲ್ಟು ಹಾಕಿ ಬಿಗಿದ ರಾಟೆಗೆ ಬೆರಳಿಲ್ಲ. ಅಪ್ಪಯ್ಯ ಮತ್ತೇನೂ ಹೇಳದೆ ಎದ್ದು ಹಿತ್ತಲಿಗೆ ಹೋದರು.

ಒಲೆಯ ಮುಂದಿದ್ದ ಅಮ್ಮ ಹೇಳಿದಳು. ದೊಡ್ಡಪ್ಪ ಕಡಲಲ್ಲಿ ಹೋದನೆಂದಷ್ಟೇ ನಾನು ತಿಳಿದಿದ್ದೆ. ನಾನು ಹುಟ್ಟುವ ಎರಡು ವರ್ಷ ಮೊದಲು, 2003ರಲ್ಲಿ, ಅಣ್ಣತಮ್ಮ ಇಬ್ಬರೇ ಹೋಗಿದ್ದರಂತೆ. ಲಂಗರಿನ ಹಗ್ಗ ಕಲ್ಲಿನ ಸಂದಿಗೆ ಸಿಕ್ಕಿತು. ಹಗ್ಗವನ್ನು ದೋಣಿಯ ಹಿಂಬದಿಗೆ ಕಟ್ಟಿದ್ದರು. ಹಿಂಬದಿ ಕಟ್ಟಿಬಿದ್ದ ದೋಣಿ ತೆರೆಯೊಡನೆ ಏಳಲಾರದೆ ನೀರು ಒಳಗೇ ನುಗ್ಗಿತು. ಗಂಟು ಬಿಗಿದಿತ್ತು. ಕತ್ತಿ ಮನೆಯಲ್ಲಿತ್ತು, ಹಿಂದಿನ ದಿನ ಅಪ್ಪಯ್ಯನೇ ತೆಂಗಿನಕಾಯಿ ಸುಲಿಯಲು ತಂದು ಮರೆತಿದ್ದರು.

ನಮ್ಮ ದೋಣಿಯಲ್ಲಿ ಕೂರುವ ಹಲಗೆಗೆ ಒಂದು ಕತ್ತಿಯನ್ನು ದಾರದಿಂದ ಕಟ್ಟಿಟ್ಟಿರುವುದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಮೀನು ಕೊಯ್ಯಲೆಂದೇ ಎಣಿಸಿದ್ದೆ. ಒಮ್ಮೆ ಅದನ್ನು ಬಿಚ್ಚಿ ಆಟಕ್ಕೆ ಒಯ್ದು ಪೆಟ್ಟು ತಿಂದದ್ದೂ ಉಂಟು.

ನಾನು ಬರೆದ ಪುಟವನ್ನು ಹರಿದು ಹೊಸದನ್ನು ಬರೆದೆ. ಕೈಪಿಡಿಯನ್ನು ತಿರುಗಿ ತೆರೆದರೆ ಉತ್ತರ ಅದರಲ್ಲೇ ಇತ್ತು. ನಾನು ಆ ಪುಟವನ್ನು ಬೇಸರದಿಂದ ಮಗುಚಿದ್ದೆ. ರಾಟೆಯ ಬ್ರೇಕನ್ನು ಪೂರ್ತಿ ಬಿಗಿಯಬಾರದು. ಗುಂಡನ್ನು ತಡೆಯುವಷ್ಟು, ಕಲ್ಲು ಎಳೆದರೆ ಜಾರುವಷ್ಟು ಮಾತ್ರ ಇರಬೇಕು. ಗುಂಡು ಸಿಕ್ಕಿಕೊಂಡರೆ ಮೊದಲು ಎಂಜಿನ್ನಿನ ಓಟ ಕಳೆದು ತಂತಿಯನ್ನು ಸಡಿಲ ಬಿಡಬೇಕು. ಉಕ್ಕಿನ ತಂತಿಗೆ ಕತ್ತಿ ತಾಗುವುದಿಲ್ಲವಾದ್ದರಿಂದ ತಂತಿ ಕತ್ತರಿಸುವ ಇಕ್ಕಳ ಕೈಯಳತೆಯಲ್ಲಿರಬೇಕು. ಈಗ ತಂತಿಯ ಬದಲು ಹೆಣೆದ ಗಟ್ಟಿ ದಾರವನ್ನೂ ಹಾಕುತ್ತಾರೆ, ಅದಕ್ಕೆ ಕತ್ತಿಯೇ ಸಾಕು. ಪುಟವನ್ನು ಅಪ್ಪಯ್ಯನಿಗೆ ಎರಡು ಸಲ ಓದಿ ಹೇಳಿ, ಅನಂತರ ಕಳಿಸಿದೆ.

ಆಗಸ್ಟಿನಲ್ಲಿ ಭಾವನಿಂದ ಒಂದು ಚಿತ್ರ ಬಂತು. ಎರಡೂ ಕೈಯಲ್ಲಿ ಬೆಳ್ಳಿಯಂಥ ಚಿನೂಕ್ ಎತ್ತಿ ಹಿಡಿದಿದ್ದಾನೆ. ಹಿಂದೆ ಎರಡು ಅಡಿಯ ತೋಳು, ಕೆಳಗೆ ಹಲಗೆ. ಮನೆಯವರೆಲ್ಲ ಮೀನನ್ನು ನೋಡಿದರು. ಅಪ್ಪಯ್ಯ ಫೋನನ್ನು ಬೆಳಕಿಗೆ ಹಿಡಿದು, ಮೂಲೆಯನ್ನು ದೊಡ್ಡದು ಮಾಡಿಕೊಡೆಂದು ನನಗೆ ಹೇಳಿದರು. ಅಲ್ಲಿ ಕೂರುವ ಹಲಗೆಗೆ ಕೆಂಪು ಹಿಡಿಯ ಒಂದು ಇಕ್ಕಳ ಕಟ್ಟಿತ್ತು. ಬಹಳ ಹೊತ್ತು ನೋಡಿದರು.

"ದಾರ ಗಿಡ್ಡ ಆಯ್ತ್" ಎಂದರು. "ತಂತಿ ತನಕ ಎಟಕೂದಿಲ್ಲ. ಇನ್ನೊಂದ್ ಮೊಳ ಬಿಡೂಕ್ ಹೇಳ್."