ಮರ್ಯಾದೆಯಾಗಿ ಸೋಲುವ ಕಂಪ್ಯೂಟರ್

ಚೆಸ್‌ನಲ್ಲಿ ಯಾರನ್ನು ಬೇಕಾದರೂ ಸೋಲಿಸುವ ಕಂಪ್ಯೂಟರ್ ಈಗ ಪುಕ್ಕಟೆ ಸಿಗುತ್ತದೆ. ಸ್ಟಾಕ್‌ಫಿಶ್ ಅಂತ ಅದರ ಹೆಸರು. 2008ರಿಂದ ಬೇರೆ ಬೇರೆ ದೇಶದ ಜನ ಕೂಡಿ ತಿದ್ದಿ ತೀಡುತ್ತಾ ಬಂದಿರುವ ಈ ಎಂಜಿನನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗೇನಿದೆ ಅಂತ ಬಿಚ್ಚಿ ನೋಡಬಹುದು, ಬದಲಾಯಿಸಲೂಬಹುದು. ಜೇಬಿನಲ್ಲಿರುವ ಫೋನಿನಲ್ಲಿ ಓಡಿಸಿದರೂ ಅದು ವಿಶ್ವ ಚಾಂಪಿಯನ್ನಿಗೆ ನೀರು ಕುಡಿಸುತ್ತದೆ. ಆದ್ದರಿಂದ ಕಂಪ್ಯೂಟರ್ ಜೊತೆ ಚೆಸ್ ಆಡುವ ಒಂದು ಜಾಲತಾಣ ಕಟ್ಟುತ್ತೇನೆ ಅಂತ ನಾನು ಹೊರಟಾಗ ಆಫೀಸಿನ ಗೆಳೆಯರು, ‘ಅದರಲ್ಲೇನಿದೆ? ಮುಂದೆ ಒಂದು ಹಲಗೆ ಬರಿ, ಹಿಂದೆ ಸ್ಟಾಕ್‌ಫಿಶ್ ಕೂರಿಸು. ವಾರಾಂತ್ಯದ ಕೆಲಸ’ ಅಂದರು. ವಾರಾಂತ್ಯದ ಕೆಲಸ ಅಂತ ಶುರುವಾಗುವುದೆಲ್ಲ ಯಾವ ವಾರಕ್ಕೆ ಅಂತ್ಯ ಕಾಣುತ್ತದೆ ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಲಿಚೆಸ್ ಇರುವಾಗ ಇನ್ನೊಂದು ಯಾಕೆ ಅಂತಲೂ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಫ್ರಾನ್ಸಿನ ತಿಬೋ ಡುಪ್ಲೆಸಿ 2010ರಲ್ಲಿ ಶುರು ಮಾಡಿದ ಆ ತಾಣದಲ್ಲಿ ಜಾಹೀರಾತಿಲ್ಲ, ಆಡಲು ದುಡ್ಡು ಕೊಡಬೇಕಿಲ್ಲ, ಎಲ್ಲವೂ ಜನರ ದೇಣಿಗೆಯಿಂದಲೇ ನಡೆಯುತ್ತದೆ. ಮುಗಿದ ಆಟಗಳನ್ನು ವಿಶ್ಲೇಷಿಸುವ ಕೆಲಸಕ್ಕೆ ಎಲ್ಲೆಲ್ಲಿಯದೋ ಪುಣ್ಯಾತ್ಮರು ತಮ್ಮ ಮನೆಯ ಕಂಪ್ಯೂಟರನ್ನೇ ಬಿಟ್ಟುಕೊಡುತ್ತಾರೆ. ಅದಕ್ಕೆ ಪೈಪೋಟಿ ಕೊಡುವ ಆಸೆ ನನಗಿರಲಿಲ್ಲ. ನನಗಿದ್ದದ್ದು ಒಬ್ಬ ಚಿಕ್ಕಪ್ಪ.

ಚಿಕ್ಕಪ್ಪ ಹಾಸನದವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಸಂಜೆ ಜಗಲಿಯ ಮೇಲೆ ಅವರೊಂದಿಗೆ ಚದುರಂಗ ಹಾಸುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಮಕ್ಕಳ ಮನೆಗೆ ಅಂತ ಬೆಂಗಳೂರು, ಡಲ್ಲಾಸ್ ಸೇರಿಕೊಂಡರು. ಗುಕೇಶ್ 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದದ್ದೇ ಆದದ್ದು, ಇವರಿಗೆ ಮತ್ತೆ ಕೈ ತುರಿಸತೊಡಗಿತು. ‘ಏನೋ, ಕಂಪ್ಯೂಟರ್ ಜೊತೆ ಆಡಬಹುದಂತಲ್ಲ. ಕನ್ನಡದಲ್ಲಿ ಒಂದು ಮಾಡಿಕೊಡು. ಆನೆ, ಒಂಟೆ, ಮಂತ್ರಿ ಅಂತ ಇರಲಿ. ಆ ಇಂಗ್ಲಿಷ್ ಗುಂಡಿಗಳ ಸಹವಾಸ ಬೇಡ’ ಅಂತ ಅಪ್ಪಣೆಯಾಯಿತು.

ಚೆಸ್‌ನ ನಿಯಮ ಎಲ್ಲರಿಗೂ ಗೊತ್ತು ಅಂದುಕೊಂಡಿರುತ್ತೇವೆ. ಗೊತ್ತಿರುವುದು ಅವರವರ ಮನೆಯ ನಿಯಮ. ನಮ್ಮ ಹಳೆಯ ಪದ್ಧತಿಯಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯಬೇಕು. ರಾಜ, ಶಹ ಬೀಳುವ ಮುಂಚೆ, ಒಂದೇ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಚಿಕ್ಕಪ್ಪ ಅವರಪ್ಪನಿಂದ ಕಲಿತದ್ದು ಇದನ್ನೇ. ಜಗತ್ತೆಲ್ಲ ಒಪ್ಪಿರುವ ನಿಯಮದಲ್ಲಿ ‘ಆನ್ ಪಾಸಾನ್’ ಅಂತ ಒಂದಿದೆ. ಎದುರಾಳಿಯ ಕಾಲಾಳು ಎರಡು ಮನೆ ಹಾರಿ ನಿಮ್ಮ ಕಾಲಾಳಿನ ಪಕ್ಕಕ್ಕೆ ಬಂದು ನಿಂತರೆ, ಅದು ಒಂದೇ ಮನೆ ನಡೆದಿದೆ ಎಂದುಕೊಂಡು ಅದನ್ನು ಹೊಡೆಯಬಹುದು. ಮರುನಡೆಯಲ್ಲೇ ಹೊಡೆಯಬೇಕು, ತಡ ಮಾಡಿದರೆ ಹಕ್ಕು ಹೋಯಿತು. ತಾಣ ತೆರೆದ ಸಂಜೆಯೇ ಚಿಕ್ಕಪ್ಪನ ಫೋನು.

‘ನಿನ್ನ ಕಂಪ್ಯೂಟರ್ ಕಳ್ಳ ಕಣೋ. ಖಾಲಿ ಮನೆಗೆ ಹೋಗಿ ಕೂತು, ಪಕ್ಕದಲ್ಲಿದ್ದ ನನ್ನ ಕಾಲಾಳನ್ನ ಮಾಯ ಮಾಡಿಬಿಟ್ಟಿತು.’

‘ಅದು ನಿಯಮ ಚಿಕ್ಕಪ್ಪ.’

‘ಯಾರು ಮಾಡಿದ ನಿಯಮ?’

‘ಯುರೋಪಿನವರು.’

‘ಹಾಗಾದರೆ ಯುರೋಪಿನವರ ಜೊತೆ ಆಡುವಾಗ ಇಟ್ಟುಕೊಳ್ಳಲಿ.’

ಈ ಆನ್ ಪಾಸಾನ್ ಆಡುವವರನ್ನು ಕಾಡುವುದಕ್ಕಿಂತ ಹೆಚ್ಚಾಗಿ ಪ್ರೋಗ್ರಾಂ ಬರೆಯುವವರನ್ನು ಕಾಡುತ್ತದೆ. ಆಟದ ಆರಂಭದಲ್ಲಿ ಬಿಳಿಯವರಿಗಿರುವುದು 20 ನಡೆ: ಎಂಟು ಕಾಲಾಳುಗಳಿಗೆ ಎರಡೆರಡು, ಎರಡು ಕುದುರೆಗಳಿಗೆ ಎರಡೆರಡು. ಕಪ್ಪಿನವರ ಉತ್ತರವೂ ಸೇರಿದರೆ 400 ದಾರಿ. ಮೂರನೆಯ ನಡೆಗೆ 8,902, ನಾಲ್ಕನೆಯದಕ್ಕೆ 1,97,281, ಐದಕ್ಕೆ 48,65,609. ಚೆಸ್ ಪ್ರೋಗ್ರಾಂ ಬರೆಯುವವರಿಗೆಲ್ಲ ಈ ಅಂಕಿಗಳು ಬಾಯಿಪಾಠ. ನೀವು ಬರೆದ ಕೋಡ್ ಇಷ್ಟನ್ನೇ ಎಣಿಸಬೇಕು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನಾಲ್ಕರವರೆಗೆ ಸರಿಯಾಗಿ ಎಣಿಸಿ ಐದಕ್ಕೆ ಎಡವಿತು ಅಂದರೆ ಅನುಭವಸ್ಥರು ಕೋಡ್ ನೋಡದೆಯೇ ಮೊದಲು ಆನ್ ಪಾಸಾನ್ ಮೇಲೆ ಬೆರಳಿಡುತ್ತಾರೆ. ಐದನೆಯ ನಡೆಗೆ ಮುಂಚೆ ಆ ಹೊಡೆತ ಸಾಧ್ಯವೇ ಇಲ್ಲ. ಅಲ್ಲಿಗೆ ಬಂದಾಗ 48 ಲಕ್ಷದ ಆ ಸಂತೆಯಲ್ಲಿ ಅದು 258 ಸಲ ಬರುತ್ತದೆ. ರಾಜ ಕೋಟೆ ಕಟ್ಟುವ ಕ್ಯಾಸ್ಲಿಂಗ್ ಇನ್ನೂ ದೂರ, ಬಿಳಿಯವರ ನಾಲ್ಕನೆಯ ಸರದಿ ಬರುವವರೆಗೆ ಆಗುವುದಿಲ್ಲ.

ಹಲಗೆಯ ಮೇಲಿನ ಎಣಿಕೆಯ ಹುಚ್ಚು ಕಂಪ್ಯೂಟರಿನಿಂದ ಬಂದದ್ದೇನೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಹಲಗೆಯಾಟ ಅಂದರೆ ಪ್ರಾಣ. ಕುದುರೆ ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರಬೇಕು, ಮೆಟ್ಟಿದ ಕ್ರಮದಲ್ಲಿ ಅಂಕಿ ಬರೆದರೆ ಮಾಯಾಚೌಕವೂ ಆಗಬೇಕು, ಅಂಥ ತುರಗ ನಡೆಗಳನ್ನು ಅವರು ಕಟ್ಟಿದ್ದರು. ಕುದುರೆಯ ಇದೇ ಲೆಕ್ಕವನ್ನು, ಮಾಯಾಚೌಕದ ಉಸಾಬರಿ ಬಿಟ್ಟು, ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಹುಡುಗರಿಗೆ ಕೊಡುತ್ತಾರೆ. ದಾರಿ ಮುಚ್ಚಿದರೆ ಹಿಂದಕ್ಕೆ ಬಂದು ಬೇರೆ ದಾರಿ ಹಿಡಿಯುವುದನ್ನು ಕಲಿಸಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಮಹಾರಾಜರು ಅದನ್ನು ಕಾಗದದ ಮೇಲೆ ಮಾಡಿದರು. ನಾವು ನಕಲು ಹೊಡೆದು ಪಾಸಾದೆವು.

ಎಂಜಿನ್ ಜೊತೆ ಮಾತಾಡುವುದು ಇಷ್ಟೆಲ್ಲ ಕಷ್ಟವಲ್ಲ. ಯುಸಿಐ ಅಂತ ಒಂದು ಸಂಭಾಷಣೆಯ ಪದ್ಧತಿ 2000ದಿಂದ ರೂಢಿಯಲ್ಲಿದೆ. ‘ಇಲ್ಲಿಯವರೆಗೆ ನಡೆದದ್ದು ಇದು, ಒಂದು ಸೆಕೆಂಡ್ ಯೋಚಿಸು’ ಅಂತ ಒಂದೆರಡು ಸಾಲಿನಲ್ಲಿ ಹೇಳಿದರೆ ‘ನನ್ನ ನಡೆ ಇದು’ ಅಂತ ಒಂದು ಸಾಲಿನಲ್ಲಿ ಉತ್ತರ. ಹಲಗೆಯ ಸ್ಥಿತಿಯನ್ನೂ ಒಂದೇ ಸಾಲಿನಲ್ಲಿ ಬರೆದಿಡಬಹುದು. ಹತ್ತೊಂಬತ್ತನೆಯ ಶತಮಾನದ ಸ್ಕಾಟ್‌ಲೆಂಡಿನ ಪತ್ರಕರ್ತ ಡೇವಿಡ್ ಫೋರ್ಸೈತ್ ಪತ್ರಿಕೆಗೆಂದು ಹುಡುಕಿದ ಉಪಾಯ ಅದು. ಸ್ಟೀವನ್ ಎಡ್ವರ್ಡ್ಸ್ ಆಮೇಲೆ ಅದನ್ನು ಕಂಪ್ಯೂಟರಿಗೆ ಒಗ್ಗಿಸಿದರು. ಕಾಯಿಗೊಂದು ಅಕ್ಷರ, ಖಾಲಿ ಮನೆಗಳೆಷ್ಟೋ ಅಷ್ಟರ ಅಂಕಿ. ಜೊತೆಗೆ ಸರದಿ ಯಾರದು, ಕೋಟೆ ಕಟ್ಟುವ ಹಕ್ಕು ಯಾರಿಗೆ ಉಳಿದಿದೆ ಅನ್ನುವುದನ್ನೂ ಬರೆಯಬೇಕು. ಹಲಗೆಯ ಫೋಟೋ ನೋಡಿದರೆ ರಾಜ ಸ್ವಸ್ಥಾನದಲ್ಲೇ ಇರುತ್ತಾನೆ. ನಡುವೆ ಒಮ್ಮೆ ಎದ್ದು ಹೋಗಿ ಬಂದದ್ದು ಫೋಟೋಗೆ ಗೊತ್ತಾಗುವುದಿಲ್ಲ.

ಆದರೆ ಎಂಜಿನ್ ಮಹಾ ಮುಗ್ಧ. ನೀವು ಹೇಳಿದ್ದನ್ನೆಲ್ಲ ನಂಬುತ್ತದೆ. ಬ್ರೌಸರಿನಿಂದ ಬರುವ ನಡೆಯನ್ನು ಯಾರೋ ಕಿಡಿಗೇಡಿ ಕೈಯಿಂದ ತಿದ್ದಿ ಕಳಿಸಿಯಾನು, ಆನೆಯನ್ನು ಓರೆಯಾಗಿ ಓಡಿಸಿಯಾನು. ಬಂದ ಪ್ರತಿಯೊಂದು ನಡೆಯನ್ನೂ ಸರ್ವರಿನಲ್ಲಿ ನೀವೇ ಪರೀಕ್ಷೆ ಮಾಡಬೇಕು. ಈ ಕಿಡಿಗೇಡಿತನಕ್ಕೂ ದೊಡ್ಡ ಪರಂಪರೆಯಿದೆ. 1770ರಲ್ಲಿ ವೋಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಎಂಬಾತ ವಿಯೆನ್ನಾದ ಆಸ್ಥಾನದಲ್ಲಿ ಚೆಸ್ ಆಡುವ ಯಂತ್ರವೊಂದನ್ನು ತೋರಿಸಿದ. ಪೆಟ್ಟಿಗೆಯ ಹಿಂದೆ ಪೇಟ ತೊಟ್ಟ ತುರ್ಕಿಯ ಬೊಂಬೆ. ಪೆಟ್ಟಿಗೆಯೊಳಗೆ ಮುದುಡಿ ಕೂತ ಒಬ್ಬ ಚೆಸ್ ಪಂಡಿತ. 1809ರಲ್ಲಿ ನೆಪೋಲಿಯನ್ ಅದರೆದುರು ಕೂತನಂತೆ, ಬೇಕೆಂದೇ ತಪ್ಪು ನಡೆ ನಡೆಸಿದನಂತೆ. ಮೊದಲ ಸಲ ಬೊಂಬೆ ಕಾಯಿಯನ್ನು ಅದರ ಜಾಗದಲ್ಲೇ ಇಟ್ಟಿತು. ಎರಡನೆಯ ಸಲ ಕಾಯಿಯನ್ನೇ ಎತ್ತಿ ಹೊರಗಿಟ್ಟಿತು. ಮೂರನೆಯ ಸಲ ತೋಳು ಬೀಸಿ ಹಲಗೆಯ ಮೇಲಿದ್ದದ್ದನ್ನೆಲ್ಲ ಗುಡಿಸಿಹಾಕಿತು. ಚಕ್ರವರ್ತಿಗೆ ನಗು ಬಂತಂತೆ. ನನ್ನ ತಾಣ ಅಷ್ಟು ಧೈರ್ಯಸ್ಥನಲ್ಲ, ‘ಈ ನಡೆ ಸಲ್ಲದು’ ಅಂತ ಕೆಂಪಕ್ಷರದಲ್ಲಿ ಹೇಳಿ ಸುಮ್ಮನಾಗುತ್ತದೆ.

ಇನ್ನು ದುಡ್ಡಿನ ಮಾತು. ಎಂಜಿನನ್ನು ಸರ್ವರಿನಲ್ಲಿ ಕೂರಿಸಿದರೆ ಆಡುವವರು ಹೆಚ್ಚಾದಂತೆ ಬಾಡಿಗೆಯ ಬಿಲ್ಲೂ ಏರುತ್ತದೆ, ಪುಕ್ಕಟೆ ಆಡಿಸುವವನ ಜೇಬು ಖಾಲಿ. ಆಡುವವರ ಬ್ರೌಸರಿನಲ್ಲೇ ಓಡಿಸಿದರೆ ನನಗೆ ಖರ್ಚಿಲ್ಲ, ಅವರ ಫೋನು ಬಿಸಿ. ಸ್ಟಾಕ್‌ಫಿಶ್ 2020ರಿಂದ ನ್ಯೂರಲ್ ನೆಟ್‌ವರ್ಕ್ ಇಟ್ಟುಕೊಂಡಿದೆ. ಅದರ ಪೂರ್ತಿ ಕಡತ ಇಳಿಸುವುದಕ್ಕೆ ಹತ್ತಾರು ಎಂಬಿ ಡೇಟಾ ಬೇಕು. ಬ್ರೌಸರಿಗೆ ಕಳಿಸಿದರೆ ಅದನ್ನು ಹಂಚಿದ ಹಾಗೆ, ಆಗ ಮೂಲ ಕೋಡನ್ನೂ ಕೇಳಿದವರಿಗೆ ಕೊಡಬೇಕು ಅನ್ನುವುದು ಅದರ ಪರವಾನಗಿಯ ಷರತ್ತು. ಹೆಸರು ಬದಲಾಯಿಸಿ ತನ್ನದೇ ಅಂತ ಮಾರುವ ಹಾಗಿಲ್ಲ. ಜರ್ಮನಿಯ ಚೆಸ್‌ಬೇಸ್ ಕಂಪನಿಯ ಮೇಲೆ ಸ್ಟಾಕ್‌ಫಿಶ್ ತಂಡದವರು 2021ರಲ್ಲಿ ಕೋರ್ಟಿಗೆ ಹೋದದ್ದು ಇಂಥ ತಕರಾರಿಗೇ, ಮರುವರ್ಷ ರಾಜಿಯಾಯಿತು. ನಾನು ಸ್ಟಾಕ್‌ಫಿಶ್‌ನದೇ ಚಿಕ್ಕ ಕಡತದ ಆವೃತ್ತಿ ಆರಿಸಿಕೊಂಡು ಬ್ರೌಸರಿನ ದಾರಿಯನ್ನೇ ಹಿಡಿದೆ. ಚಿಕ್ಕಪ್ಪನ ಮಟ್ಟಕ್ಕೆ ಅದೇ ಹೆಚ್ಚು, ಅವರಿಗೆ ಹೇಳಬೇಡಿ.

ಇಷ್ಟಾದ ಮೇಲೆ ನಿಜವಾದ ತೊಂದರೆ ಶುರು. ಎಲ್ಲ ಸರಿಯಾಗಿ ನಡೆಯುತ್ತಿತ್ತು, ಚಿಕ್ಕಪ್ಪ ಮಾತ್ರ ಗೆಲ್ಲುತ್ತಿರಲಿಲ್ಲ. ದಿನಾ ಸೋಲುವ ಆಟವನ್ನು ಯಾರು ಎಷ್ಟು ದಿನ ಆಡುತ್ತಾರೆ? ಮೊಮ್ಮಗನ ಜೊತೆ ಆಡುವ ತಾತ ಹತ್ತರಲ್ಲಿ ಮೂರು ಆಟ ಸೋಲುತ್ತಾನೆ. ಹುಡುಗನಿಗೆ ಅನುಮಾನ ಬರದ ಹಾಗೆ, ಗೆದ್ದದ್ದು ತನ್ನ ಜಾಣ್ಮೆಯಿಂದಲೇ ಅಂತ ಅನ್ನಿಸುವ ಹಾಗೆ ಸೋಲುತ್ತಾನೆ. ಈ ವಿದ್ಯೆ ಸ್ಟಾಕ್‌ಫಿಶ್‌ಗೆ ಬರುವುದಿಲ್ಲ. ಅದರಲ್ಲಿ 0ಯಿಂದ 20ರವರೆಗೆ ಮಟ್ಟ ತಗ್ಗಿಸುವ ಒಂದು ತಿರುಪು ಇದೆ ನಿಜ. ತಗ್ಗಿಸಿದರೆ ಏನಾಗುತ್ತದೆ ಅಂದರೆ, ಅದು ಮಾಮೂಲಿನಂತೆ ಹಲವು ಒಳ್ಳೆಯ ನಡೆಗಳನ್ನು ಹುಡುಕಿ, ಆಮೇಲೆ ದಾಳ ಹಾಕಿ ಅವುಗಳಲ್ಲಿ ಕೆಟ್ಟದ್ದೊಂದನ್ನು ಆಡುತ್ತದೆ. ಹತ್ತು ನಡೆ ಚಾಂಪಿಯನ್ನಿನ ಹಾಗೆ, ಹನ್ನೊಂದನೆಯದಕ್ಕೆ ಕಾರಣವಿಲ್ಲದೆ ಮಂತ್ರಿಯನ್ನು ತಂದು ಕಾಲಾಳಿನ ಬಾಯಿಗೆ ಇಡುತ್ತದೆ.

ಚಿಕ್ಕಪ್ಪ ಅದನ್ನು ಎರಡನೆಯ ಆಟಕ್ಕೇ ಪತ್ತೆ ಮಾಡಿದರು. ‘ಗೆದ್ದರೆ ಗೆಲ್ಲಲಿ ಕಣೋ, ಬೇಜಾರಿಲ್ಲ. ಸೋಲುವಾಗ ನಾಟಕ ಆಡ್ತದಲ್ಲ, ಅದು ತಡೆಯಕ್ಕಾಗಲ್ಲ. ಭಿಕ್ಷೆ ಹಾಕಿದ ಹಾಗಿರ್ತದೆ.’

ಮನುಷ್ಯ ಹಾಗೆ ತಪ್ಪುವುದಿಲ್ಲ. ತನ್ನ ದಾಳಿಯ ಖುಷಿಯಲ್ಲಿ ಎದುರಿನ ಕುದುರೆಯನ್ನು ಮರೆಯುತ್ತಾನೆ. ಮೂಲೆಯಿಂದ ಮೂಲೆಗೆ ಗುರಿಯಿಟ್ಟು ಕೂತ ಒಂಟೆ ಕಣ್ಣಿಗೆ ಬೀಳುವುದಿಲ್ಲ. ಒಂದು ಕಾಯಿ ಹೋದ ಸಿಟ್ಟಿಗೆ ಇನ್ನೊಂದನ್ನು ಕೊಡುತ್ತಾನೆ. ತಪ್ಪಿಗೂ ಒಂದು ಹಿನ್ನೆಲೆ ಇರುತ್ತದೆ.

ಹಳೆಯ ಯಂತ್ರಗಳಿಗೆ ಈ ಸಮಸ್ಯೆಯೇ ಇರಲಿಲ್ಲ, ಅವು ಪ್ರಾಮಾಣಿಕವಾಗಿ ಸೋಲುತ್ತಿದ್ದವು. ಅಲನ್ ಟ್ಯೂರಿಂಗ್ 1948ರಲ್ಲಿ ಗೆಳೆಯನೊಬ್ಬನ ಜೊತೆ ಚೆಸ್ ಪ್ರೋಗ್ರಾಂ ರೂಪಿಸಿದ, ಅದನ್ನು ಓಡಿಸುವ ಕಂಪ್ಯೂಟರ್ ಇರಲಿಲ್ಲ. 1952ರಲ್ಲಿ ತಾನೇ ಕಂಪ್ಯೂಟರ್ ಆಗಿ ಕೂತು, ಕಾಗದ ಪೆನ್ಸಿಲ್ ಹಿಡಿದು, ಒಂದೊಂದು ನಡೆಗೂ ಅರ್ಧ ಗಂಟೆಯಷ್ಟು ಲೆಕ್ಕ ಹಾಕಿ, ಅಲಿಕ್ ಗ್ಲೆನಿ ಎಂಬ ಸಹೋದ್ಯೋಗಿಗೆ 29 ನಡೆಗಳಲ್ಲಿ ಸೋತ. 1956ರಲ್ಲಿ ಲಾಸ್ ಅಲಾಮೋಸ್‌ನ ಕಂಪ್ಯೂಟರಿಗೆ ಅರವತ್ತನಾಲ್ಕು ಮನೆ ನಿಭಾಯಿಸುವ ಶಕ್ತಿಯಿಲ್ಲದೆ ಹಲಗೆಯನ್ನು ಆರಕ್ಕಾರಕ್ಕೆ ಇಳಿಸಿ, ಒಂಟೆಗಳನ್ನೇ ಕೈಬಿಟ್ಟರು. 1997ರ ಡೀಪ್ ಬ್ಲೂ ಕಂಪ್ಯೂಟರ್ ಮಾತ್ರ ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ತೂಗುತ್ತಿದ್ದ ದೈತ್ಯ, ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್‌ನನ್ನು ಮೂರೂವರೆ-ಎರಡೂವರೆಯಲ್ಲಿ ಸೋಲಿಸಿದ್ದು. ಆ ಪಂದ್ಯಾವಳಿಯ ಮೊದಲ ಆಟದಲ್ಲಿ ಅದು ಆಡಿದ 44ನೆಯ ನಡೆ ಬರೀ ಪ್ರೋಗ್ರಾಂ ದೋಷದಿಂದ ಬಂದದ್ದೆಂದು ಅದನ್ನು ಕಟ್ಟಿದವರೇ ಆಮೇಲೆ ಹೇಳಿದ್ದಾರೆ. ಬಲಿಷ್ಠ ಅಂತ ಗೊತ್ತಿರುವವನ ಪೆದ್ದುತನದಲ್ಲೂ ನಾವು ಗೂಢಾರ್ಥ ಹುಡುಕುತ್ತೇವೆ. ಚಿಕ್ಕಪ್ಪ ಹುಡುಕಲಿಲ್ಲ, ಅದು ಅವರ ಬ್ಯಾಂಕಿನ ಅನುಭವ ಇರಬೇಕು.

ದಾರಿ ಸಿಕ್ಕಿದ್ದು ಮಾಯಾ ಎಂಬ ಎಂಜಿನ್‌ನಲ್ಲಿ. ಟೊರಾಂಟೊ, ಕಾರ್ನೆಲ್ ವಿಶ್ವವಿದ್ಯಾಲಯ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 2020ರಲ್ಲಿ ಹೊರತಂದದ್ದು. ಅವರು ಅದಕ್ಕೆ ಗೆಲ್ಲುವುದನ್ನು ಕಲಿಸಲೇ ಇಲ್ಲ. ಲಿಚೆಸ್‌ನಲ್ಲಿ ಸಾಮಾನ್ಯ ಜನ ಆಡಿದ ಕೋಟ್ಯಂತರ ಆಟಗಳನ್ನು ತೋರಿಸಿ, ‘ಈ ಸ್ಥಿತಿಯಲ್ಲಿ ಇಂಥ ಮಟ್ಟದವರು ಏನು ಆಡುತ್ತಾರೆ ಹೇಳು’ ಅಂತ ಕೇಳುತ್ತಾ ಹೋದರು. 1100ರಿಂದ 1900 ರೇಟಿಂಗ್‌ವರೆಗೆ ಮಟ್ಟಕ್ಕೊಂದರಂತೆ ಒಂಬತ್ತು ಮಾಯಾಗಳು. ಮನುಷ್ಯ ಆಡುವ ನಡೆಯನ್ನು ಹೆಚ್ಚುಕಡಿಮೆ ಅರ್ಧದಷ್ಟು ಸಲ ಸರಿಯಾಗಿ ಊಹಿಸುತ್ತವೆ. ಸ್ಟಾಕ್‌ಫಿಶ್ ತೆಗೆದು 1100ರ ಮಾಯಾ ಕೂರಿಸಿದೆ, ಚಿಕ್ಕಪ್ಪನಿಗೆ ಹೇಳಲಿಲ್ಲ. ‘ಇವತ್ತು ಯಾರೋ ಬೇರೆಯವರು ಕೂತ ಹಾಗಿದೆ. ಪರವಾಗಿಲ್ಲ, ಯೋಚನೆ ಮಾಡ್ತಾನೆ’ ಅಂದರು. ‘ತದೆ’ ಹೋಗಿ ‘ತಾನೆ’ ಆಗಿತ್ತು.

ಯೋಚನೆ ಮಾಡುವುದೂ ನನ್ನ ಕಾರುಬಾರೇ. ಯಂತ್ರ ಕಣ್ಣು ಮಿಟುಕಿಸುವುದರೊಳಗೆ ಉತ್ತರಿಸುತ್ತದೆ, ಹತ್ತು ನಿಮಿಷ ತಲೆ ಕೆಡಿಸಿಕೊಂಡವರಿಗೆ ಅದು ಅವಮಾನ. ಆದ್ದರಿಂದ ಸುಳ್ಳು ವಿಳಂಬ ಇಟ್ಟೆ. ಕಾಯಿಗೆ ಕಾಯಿ ಹೊಡೆಯುವಾಗ ಥಟ್ಟನೆ, ಆಯ್ಕೆಗಳು ಹೆಚ್ಚಿರುವಾಗ ನಿಧಾನ. ಗಂಟೆಗಟ್ಟಲೆ ಚರ್ಚೆಗೆ ಯೋಗ್ಯವಾದ ನೀತಿಪ್ರಶ್ನೆ ಇದರಲ್ಲಿದೆ, ನನಗೆ ಆಸಕ್ತಿಯಿಲ್ಲ.

ಕೊನೆಗೆ ಜಗಳವಾದದ್ದು ‘ವಾಪಸ್’ ಗುಂಡಿಯ ಬಗ್ಗೆ. ಟೂರ್ನಮೆಂಟಿನಲ್ಲಿ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಗುಂಡಿ ಬೇಡ ಅಂದೆ. ‘ಜಗಲಿಯಲ್ಲಿ ಆಡೋನಿಗೆ ಟೂರ್ನಮೆಂಟ್ ಯಾಕೋ? ಒಂದು ಸಲ ವಾಪಸ್ ಕೊಡದೋನ ಜೊತೆ ನಾನು ಆಡಲ್ಲ’ ಅಂದರು. ಒಂದು ಆಟಕ್ಕೆ ಒಂದು ವಾಪಸ್ ಅಂತ ಒಪ್ಪಂದವಾಯಿತು, ಈಗ ಅದು ಮೂರಕ್ಕೆ ಬಂದಿದೆ. ನೀವೂ ಇಂಥದ್ದೊಂದು ಕಟ್ಟುವುದಿದ್ದರೆ ಎಂಜಿನ್ ಯಾವುದು, ಸರ್ವರ್ ಎಲ್ಲಿ ಅಂತ ಆಮೇಲೆ ನೋಡಿ. ಮೊದಲು ಆ ಗುಂಡಿಯನ್ನು ದೊಡ್ಡದಾಗಿ, ಹೆಬ್ಬೆರಳಿಗೆ ಸಿಗುವ ಹಾಗೆ, ಪರದೆಯ ಬಲಗಡೆ ಕೆಳಗೆ ಇಡಿ.