ಅವ್ವ ಕೇಳಿದ ಪತ್ತೇದಾರಿ ಕಥೆ

ಪತ್ತೇದಾರಿ ಕಾದಂಬರಿಯ ವಿಷಯವನ್ನು ಸಾಹಿತ್ಯ ಪತ್ರಿಕೆಯಲ್ಲಿ ಎತ್ತುವುದಕ್ಕೆ ನಮಗೆ ತುಸು ಸಂಕೋಚವುಂಟು. ವಿಮರ್ಶಕರು ಅದನ್ನು ಎಂದೂ ಪಂಕ್ತಿಯಲ್ಲಿ ಕೂಡಿಸಿಕೊಂಡವರಲ್ಲ. ಆದರೂ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಕಡೆ ಬೆಳೆದ ನಮ್ಮಂಥ ಕೆಲವರು ಕನ್ನಡದ ಓದನ್ನು ಕಲಿತದ್ದು ಮಹಾಕಾವ್ಯಗಳಿಂದಲ್ಲ ಎಂಬುದನ್ನು ಮುಚ್ಚಿಟ್ಟು ಫಲವೇನು? 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರ ಪ್ರದೇಶದ ಪಾಲಾದವು. ನಮಗೆ ಶಾಲೆಯಲ್ಲಿ ತೆಲುಗು, ಮನೆಯ ಹಳೆಯ ಕಾಗದಪತ್ರಗಳಲ್ಲಿ ಉರ್ದು, ಒಲೆಯ ಮುಂದೆ ಕನ್ನಡ. ಒಲೆಯ ಮುಂದಿನ ಆ ಕನ್ನಡವನ್ನು ನಾವು ಅಚ್ಚಿನಲ್ಲಿ ಕಂಡದ್ದು, ರಾಯಚೂರಿಗೆ ಹೋದವರು ತರುತ್ತಿದ್ದ ಅಗ್ಗದ ಪತ್ತೇದಾರಿ ಪುಸ್ತಕಗಳಲ್ಲಿ.

ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ 1952ರಲ್ಲಿ ಹೊರಬಂದಿತು. ನಾಲ್ಕನೆಯ ತರಗತಿಗೆ ಓದು ನಿಲ್ಲಿಸಿದ ಆ ಮಹನೀಯರು ಐನೂರರಷ್ಟು ಕಾದಂಬರಿಗಳನ್ನು ಬರೆದರು. ಹಳದಿ-ಕೆಂಪು ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ನವೆಂಬರ್ ಒಂದರಂದು ಬಾವುಟವನ್ನೇರಿಸುವವರಲ್ಲಿ ಎಷ್ಟು ಮಂದಿಗೆ ಇದು ನೆನಪಿದೆಯೋ!

ಹೀಗೆ ಬಂದ ಪುಸ್ತಕವೊಂದರ ಹೆಸರು, ಅದರ ರಕ್ಷಾಪುಟದೊಡನೆಯೇ ಹರಿದುಹೋಗಿತ್ತು. ಅವ್ವನಿಗೆ ಅಕ್ಷರ ಬಾರದು. ರಾತ್ರಿ ಅವಳು ರಾಟೆಯ ಮುಂದೆ ಕಂಡಿಕೆ ಸುತ್ತುತ್ತಿರಲು ನಾವು ಕಂದೀಲಿನ ಬೆಳಕಿನಲ್ಲಿ ಓದಿ ಹೇಳುತ್ತಿದ್ದೆವು. ಸಾಹುಕಾರನೊಬ್ಬನು ವಿಷ ಬೆರೆತ ಹಾಲು ಕುಡಿದು ಸತ್ತಿದ್ದಾನೆ. ಹಾಲು ಕೊಟ್ಟವಳು ಅವನ ಎಳೆವಯಸ್ಸಿನ ಎರಡನೆಯ ಹೆಂಡತಿ. ಪತ್ತೇದಾರನು ಮೊದಲ ದಿನ ಪ್ರಶ್ನೆ ಕೇಳಲು ಬಂದನು. ಎರಡನೆಯ ದಿನ ಮರೆತ ಛತ್ರಿಗಾಗಿ ಬಂದನು. ಮೂರನೆಯ ದಿನ ಬರುವುದಕ್ಕೆ ಲೇಖಕರೂ ಕಾರಣವನ್ನು ಒದಗಿಸಿರಲಿಲ್ಲ.

“ಛತ್ರಿ ಬೇಕಂತಲೇ ಬಿಟ್ಟು ಹೋಗಿದ್ದ” ಎಂದು ಅವ್ವ ರಾಟೆ ನಿಲ್ಲಿಸದೆಯೇ ತೀರ್ಪು ಕೊಟ್ಟಳು. ಆ ಹೆಂಗಸು ನಿರಪರಾಧಿ ಎಂಬುದೂ ಅವಳಿಗೆ ಅಂದೇ ನಿಶ್ಚಯವಾಗಿತ್ತು. ಅವ್ವನೂ ನಮ್ಮ ತಂದೆಯವರಿಗೆ ಎರಡನೆಯ ಸಂಬಂಧ. ತಂದೆಯವರು ತೀರಿಕೊಂಡಾಗ ಬಂಧುಗಳು ಅವಳ ಕಾಲ್ಗುಣವನ್ನು ಆಡಿಕೊಂಡಿದ್ದರು.

ಸಂಶಯಕ್ಕೊಳಗಾದವಳಲ್ಲಿ ಪತ್ತೇದಾರನೇ ಅನುರಕ್ತನಾಗುವ ಕಥೆಗಳು ಹೊರನಾಡುಗಳಲ್ಲಿ ಎಷ್ಟೋ ಹಿಂದೆಯೇ ಬಂದಿದ್ದುವೆಂದು ಮುಂದೆ ತಿಳಿಯಿತು. ಡೊರೊಥಿ ಸೇಯರ್ಸಳ 1930ರ ‘ಸ್ಟ್ರಾಂಗ್ ಪಾಯ್ಸನ್’ನಲ್ಲಿ ಲಾರ್ಡ್ ಪೀಟರನು ಕಟಕಟೆಯಲ್ಲಿ ನಿಂತವಳನ್ನು ನೋಡಿಯೇ ಮನಸೋಲುತ್ತಾನೆ, ಸಾಕ್ಷ್ಯವನ್ನು ಹುಡುಕುವುದು ಆಮೇಲೆ. ಅದೇ ವರ್ಷ ಪುಸ್ತಕವಾಗಿ ಬಂದ ಹ್ಯಾಮೆಟನ ‘ಮಾಲ್ಟೀಸ್ ಫಾಲ್ಕನ್’ನಲ್ಲಿ ಸ್ಪೇಡನು ತಾನು ಮೆಚ್ಚಿದವಳನ್ನು ಪೋಲೀಸರಿಗೆ ಒಪ್ಪಿಸುತ್ತಾನೆ. ನಮ್ಮ ಮೆಚ್ಚುಗೆಯೆಲ್ಲ ಬೆಂಟ್ಲಿಯ 1913ರ ‘ಟ್ರೆಂಟ್ಸ್ ಲಾಸ್ಟ್ ಕೇಸ್’ಗೆ. ಕೊಲೆಯಾದವನ ಹೆಂಡತಿಯನ್ನು ಪ್ರೀತಿಸಿದ ಟ್ರೆಂಟನು, ತಾನು ಕಂಡುಹಿಡಿದದ್ದನ್ನು ಬರೆದಿಟ್ಟು, ಪತ್ರಿಕೆಗೆ ಕಳಿಸದೆ ಅವಳ ಕೈಗೇ ಕೊಟ್ಟು ಹೋಗಿಬಿಡುತ್ತಾನೆ. ಅವನು ಕಂಡುಹಿಡಿದದ್ದೇ ತಪ್ಪೆಂದು ಮುಂದೆ ತಿಳಿಯುತ್ತದೆ. ಪ್ರೀತಿ ಅವನ ಬಾಯನ್ನು ಕಟ್ಟಿತು, ಬುದ್ಧಿಯನ್ನು ತಿದ್ದಲಿಲ್ಲ.

ನಮ್ಮ ಗತಿಯೂ ಅದೇ ಆಯಿತು. ಕೊನೆಯ ಪ್ರಕರಣದ ರಾತ್ರಿ ಅವ್ವ ರಾಟೆಯನ್ನು ನಿಲ್ಲಿಸಿ ಕುಳಿತಳು. ಓದುತ್ತ ಓದುತ್ತ ಕಣ್ಣು ಮುಂದಕ್ಕೆ ಓಡಿತು: ವಿಷ ಹಾಕಿದವಳು ಆಕೆಯೇ, ಪತ್ತೇದಾರನು ತನ್ನ ಕೈಯಾರೆ ಅವಳಿಗೆ ಬೇಡಿ ತೊಡಿಸುತ್ತಾನೆ. ನಮ್ಮ ನಾಲಿಗೆ ಏಳಲಿಲ್ಲ. ಕಣ್ಣನ್ನು ಅಕ್ಷರಗಳ ಮೇಲಿಟ್ಟುಕೊಂಡೇ ಮನೆಯ ಗುಮಾಸ್ತನನ್ನು ಕೊಲೆಗಾರನನ್ನಾಗಿ ಮಾಡಿದೆವು. ಪಾಪ, ಪುಸ್ತಕದುದ್ದಕ್ಕೂ ಅವನು ಆಡಿದ್ದು ಎರಡೇ ಮಾತು! ಅವನಿಗೊಂದು ಸಾಲ, ಒಂದು ಹಗೆ, ಒಂದು ವಿಷದ ಸೀಸೆಯನ್ನು ಕಲ್ಪಿಸಿ, ಪತ್ತೇದಾರನಿಗೂ ಆಕೆಗೂ ಮದುವೆ ಮಾಡಿಸಿ ಪುಸ್ತಕ ಮುಚ್ಚಿದೆವು. ಅವ್ವ ಏನೂ ಅನ್ನಲಿಲ್ಲ. ಮರುದಿನವೇ ಪುಸ್ತಕವನ್ನು ಹಿಂದಿರುಗಿಸಿದೆವು.

ಎಂಟು ದಿನಗಳ ಮೇಲೆ, ರೊಟ್ಟಿ ಬಡಿಯುತ್ತಿದ್ದವಳು ಕೇಳಿದಳು: “ಖರೇನ ಗುಮಾಸ್ತನ ಏನು?”

“ಹೌದವ್ವಾ.”

“ಕಡೀಗೆ ಅಷ್ಟೊತ್ತು ಓದಿದಿ. ಹಾಳಿ ತಿರುವಿದ ಸಪ್ಪಳ ಒಂದೂ ಕೇಳಲಿಲ್ಲ” ಎಂದು, ಹಂಚಿನ ಮೇಲಿನ ರೊಟ್ಟಿಯನ್ನು ನಮ್ಮ ತಾಟಿಗೆ ಹಾಕಿದಳು.