ಬುಗುರಿಯಾದ ಚೆಂಡು

ಹಸುರು ಬಟ್ಟೆ ಹೊದಿಸಿದ ಉದ್ದನೆಯ ಮೇಜು, ಅದರ ಸುತ್ತಲೂ ರಬ್ಬರಿನ ಅಂಚು, ನಾಲ್ಕು ಮೂಲೆಗಳಲ್ಲಿಯೂ ಉದ್ದದ ಎರಡು ಪಕ್ಕಗಳ ನಡುವೆಯೂ ಒಂದೊಂದು ಪಾಕೆಟ್ಟು, ಹದಿನಾರು ಚೆಂಡು, ಕ್ಯೂ ಎಂಬ ನೀಳವಾದ ಕೋಲು—ಪೂಲ್ ಆಟದ ಸಲಕರಣೆಗಳು ಇಷ್ಟೆ. ಆಟಗಾರನು ಕೋಲಿನಿಂದ ಬಿಳಿಯ ಚೆಂಡನ್ನು ಮಾತ್ರ ಹೊಡೆಯಬೇಕು. ಬಿಳಿಯ ಚೆಂಡು ಹೋಗಿ ಬಣ್ಣದ ಚೆಂಡಿಗೆ ತಗುಲಿ ಅದನ್ನು ಪಾಕೆಟ್ಟಿಗೆ ಬೀಳಿಸಬೇಕು. ಕೇರಂ ಆಡಿದವರಿಗೆ ಇದು ತೀರ ಹೊಸದೆನಿಸದು. ಪೂಲಿನ ದಾಯಾದಿಯಾದ ಸ್ನೂಕರಿನಲ್ಲಿ ಬೆಂಗಳೂರಿನ ಪಂಕಜ್ ಅಡ್ವಾಣಿ 2003ರಲ್ಲಿ ವಿಶ್ವ ಹವ್ಯಾಸಿ ಪ್ರಶಸ್ತಿಯನ್ನು ಗೆದ್ದುದೂ ನಮ್ಮವರಿಗೆ ತಿಳಿದ ಸಂಗತಿಯೆ. ಆದರೆ ಕೇರಮ್ಮಿನ ಬಿಲ್ಲೆಗೂ ಈ ಚೆಂಡಿಗೂ ಒಂದು ಭೇದವುಂಟು. ಬಿಲ್ಲೆ ಜಾರುತ್ತದೆ. ಚೆಂಡಾದರೋ ಜಾರಬಲ್ಲದು, ಉರುಳಬಲ್ಲದು, ಮುಂದಕ್ಕೆ ಹೋಗುತ್ತಲೇ ಬುಗುರಿಯಂತೆ ತನ್ನ ಸುತ್ತ ತಾನೇ ತಿರುಗಲೂಬಲ್ಲದು. ಆಟದ ಸೊಗಸೂ ಸಂಕಟವೂ ಹುಟ್ಟುವುದು ಈ ಕಡೆಯ ಗುಣದಿಂದ.

ಪಂದ್ಯದ ಕೊನೆಯ ಗಳಿಗೆಯೊಂದನ್ನು ಕಲ್ಪಿಸಿಕೊಳ್ಳಿ. ಆಟಗಾರನ ಪಾಲಿಗೆ ಎರಡೇ ಚೆಂಡುಗಳು ಉಳಿದಿವೆ: ತನ್ನದೊಂದು, ಕಟ್ಟಕಡೆಗೆ ಬೀಳಿಸಬೇಕಾದ ಕಪ್ಪು ಚೆಂಡೊಂದು. ಬಿಳಿಯ ಚೆಂಡಿಗೂ ಅವನ ಚೆಂಡಿಗೂ ನಡುವೆ ನಾಲ್ಕು ಬೆರಳಿನಷ್ಟು ಅಂತರ. ಅಲ್ಲಿಂದ ಮೂಲೆಯ ಪಾಕೆಟ್ಟಿಗೆ ಹೆಚ್ಚುಕಡಿಮೆ ನೇರವಾದ ದಾರಿ, ಒಂದು ಮೀಟರು ದೂರ. ಮಗುವಾದರೂ ಬೀಳಿಸಬಹುದೆಂದು ನೋಡುವವರು ಹೇಳುತ್ತಾರೆ. ಆದರೆ ಚೆಂಡು ಬಿದ್ದ ಮೇಲೆ ಬಿಳಿಯದು ಅಂಚಿಗೆ ತಗುಲಿ ಎಡಕ್ಕೆ ತಿರುಗಿ ಕಪ್ಪಿನ ಬಳಿಗೆ ಬರಬೇಕು. ಅದಕ್ಕಾಗಿ ಅವನು ಬಿಳಿಯ ಚೆಂಡನ್ನು ನಡುವಿಗೆ ಹೊಡೆಯದೆ, ಎಡಮಗ್ಗುಲಿಗೆ ಮೆಲ್ಲನೆ ಹೊಡೆಯುತ್ತಾನೆ. ಗುರಿಯಲ್ಲಿ ದೋಷವಿಲ್ಲ, ಕೈ ನಡುಗಲಿಲ್ಲ. ಆದರೂ ಅವನ ಚೆಂಡು ಪಾಕೆಟ್ಟಿನ ಬಲಗಡೆಯ ತುದಿಗೆ ಬಡಿದು ಹೊರಗೇ ನಿಲ್ಲುತ್ತದೆ. ಪಂದ್ಯ ಕೈಬಿಟ್ಟಿತು. ಅವನು ಮೇಜನ್ನು ದೂರುತ್ತಾನೆ, ಕೋಲನ್ನು ದೂರುತ್ತಾನೆ, ಹೊಡೆಯುವಾಗ ಕೆಮ್ಮಿದ ಸ್ನೇಹಿತನನ್ನೂ ದೂರುತ್ತಾನೆ. ಇವರಲ್ಲಿ ಯಾರೂ ಅಪರಾಧಿಗಳಲ್ಲ.

ಎಡಕ್ಕೆ ಹೊಡೆದ ಚೆಂಡು ತಾನೇ ಎಡಕ್ಕೆ ಬಾಗಿ ಓಡುವುದೆಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ನೆಲದ ಮೇಲೆ ನೆಟ್ಟಗೆ ನಿಂತು ತಿರುಗುವ ಬುಗುರಿಯನ್ನು ನೋಡಿ. ಎಷ್ಟು ಭರದಿಂದ ತಿರುಗಿದರೂ ಅದು ನಿಂತ ಜಾಗವನ್ನು ಬಿಟ್ಟು ಕದಲುವುದಿಲ್ಲ. ಆದರೆ ಅದಕ್ಕೆ ಸಣ್ಣದೊಂದು ಕಡ್ಡಿಯನ್ನು ಸೋಕಿಸಿದರೆ ಕಡ್ಡಿ ಪಕ್ಕಕ್ಕೆ ಎಸೆಯಲ್ಪಡುತ್ತದೆ. ಪಕ್ಕದ ತಿರುಗಿನ ಸ್ವಭಾವವೂ ಅದೇ. ಕೋಲು ಮೇಜಿಗೆ ಸಮಾನಾಂತರವಾಗಿದ್ದ ಪಕ್ಷದಲ್ಲಿ ಆ ತಿರುಗು ಚೆಂಡಿನ ಸ್ವಂತ ದಾರಿಯನ್ನು ಬಾಗಿಸದು. ಇನ್ನೊಂದು ವಸ್ತುವನ್ನು ಮುಟ್ಟಿದಾಗ ಮಾತ್ರ ತನ್ನ ಇರವನ್ನು ತೋರಿಸುತ್ತದೆ.

ಎಡಕ್ಕೆ ಹೊಡೆದ ಬಿಳಿಯ ಚೆಂಡನ್ನು ಮೇಲಿನಿಂದ ನೋಡಿದರೆ ಅದು ಗಡಿಯಾರದ ಮುಳ್ಳಿನಂತೆ ತಿರುಗುತ್ತಿರುತ್ತದೆ. ಎಂದರೆ ಅದರ ಮುಂದಿನ ಮುಖ ಎಡದಿಂದ ಬಲಕ್ಕೆ ಸಾಗುತ್ತಿರುತ್ತದೆ. ಆ ಮುಖ ಬಣ್ಣದ ಚೆಂಡನ್ನು ಮುಟ್ಟಿದಾಗ ಅದನ್ನು ಬಲಕ್ಕೆ ಉಜ್ಜುತ್ತದೆ. ಈ ಸ್ಪರ್ಶ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತೂ ಇರುವುದಿಲ್ಲ. ಒಮ್ಮೆ ಕಣ್ಣು ಮಿಟುಕಿಸುವುದರೊಳಗೆ ಅಂಥ ನೂರಾರು ಸ್ಪರ್ಶಗಳು ಮುಗಿದುಹೋಗಬಹುದು. ಅಷ್ಟರೊಳಗೇ 57 ಮಿಲಿಮೀಟರು ಅಡ್ಡಳತೆಯ, 160 ಗ್ರಾಮಿನ ಆಸುಪಾಸಿನ ತೂಕದ ಆ ಗಟ್ಟಿ ಚೆಂಡು ತನ್ನ ದಾರಿಯಿಂದ ಎರಡು ಮೂರು ಡಿಗ್ರಿ, ಬಹಳವಾದರೆ ಐದಾರು ಡಿಗ್ರಿ ಓರೆಯಾಗುತ್ತದೆ. ಇದೇನು ಮಹಾ ಎನ್ನಬಹುದು. ಆದರೆ ಒಂದು ಮೀಟರು ಸಾಗುವಷ್ಟರಲ್ಲಿ ಮೂರು ಡಿಗ್ರಿಯ ಓರೆ 5 ಸೆಂಟಿಮೀಟರಿಗೂ ಮಿಕ್ಕಿದ ದೂರವಾಗುತ್ತದೆ. ಮೂಲೆಯ ಪಾಕೆಟ್ಟಿನ ಬಾಯಿ ಸುಮಾರು 11.5 ಸೆಂಟಿಮೀಟರು; ಚೆಂಡಿನ ಅಗಲವನ್ನು ಕಳೆದರೆ ಆಚೆಗೂ ಈಚೆಗೂ ಉಳಿಯುವ ಅವಕಾಶ ಮೂರು ಸೆಂಟಿಮೀಟರಿನಷ್ಟೂ ಇಲ್ಲ. ನಮ್ಮ ಆಟಗಾರನ ಸೋಲು ಈ ಲೆಕ್ಕದೊಳಗೆ ಅಡಗಿತ್ತು.

ಅಮೆರಿಕದವರು ಈ ಪಕ್ಕದ ತಿರುಗಿಗೆ ‘ಇಂಗ್ಲಿಷ್’ ಎಂದು ಹೆಸರಿಟ್ಟಿದ್ದಾರೆ. ಇಂಗ್ಲೆಂಡಿನವರು ಮಾತ್ರ ‘ಸೈಡ್’ ಎನ್ನುತ್ತಾರೆ. ಇಂಗ್ಲಿಷು ಸುಲಭವಾಗಿ ಅಂಕೆಗೆ ಸಿಗುವ ವಸ್ತುವಲ್ಲವೆಂಬ ಭಾವನೆ ನಮ್ಮ ಶಾಲೆಗಳಿಗಷ್ಟೇ ಸೀಮಿತವಾದುದಲ್ಲವೆಂದು ಇದರಿಂದ ತೋರುತ್ತದೆ.

ವಾಸ್ತವವಾಗಿ ಈ ವಿದ್ಯೆ ಬೆಳೆದದ್ದು ಫ್ರಾನ್ಸಿನಲ್ಲಿ. ಹಿಂದೆ ಕೋಲಿನ ತುದಿ ಬರಿಯ ಮರದ್ದಾಗಿತ್ತು. ಚೆಂಡಿನ ಮಗ್ಗುಲಿಗೆ ಹೊಡೆಯಹೋದರೆ ಅದು ಜಾರಿಬಿಡುತ್ತಿತ್ತು. ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಫ್ರಾಂಸ್ವಾ ಮಿಂಗೋ ಎಂಬಾತನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆ ತುದಿಗೆ ಚರ್ಮದ ಬಿಲ್ಲೆಯನ್ನು ಅಂಟಿಸಿದನು. ರಾಜಕೀಯ ಕಾರಣಕ್ಕಾಗಿ ಸೆರೆಯಲ್ಲಿದ್ದಾಗ, ಅಲ್ಲಿದ್ದ ಬಿಲಿಯರ್ಡ್ಸ್ ಮೇಜಿನ ಮೇಲೆ ಅವನು ಇದನ್ನು ಪರೀಕ್ಷಿಸಿದನೆಂದೂ, ಬಿಡುಗಡೆಯ ದಿನ ಬಂದಾಗ ಅಭ್ಯಾಸ ಮುಗಿದಿಲ್ಲವೆಂದು ಇನ್ನಷ್ಟು ದಿನದ ಸೆರೆವಾಸವನ್ನು ತಾನೇ ಬೇಡಿದನೆಂದೂ ಕತೆಯುಂಟು. ಕತೆ ಎಷ್ಟರಮಟ್ಟಿಗೆ ನಿಜವೋ, ಚರ್ಮದ ಬಿಲ್ಲೆ ಮಾತ್ರ ನಿಜ. ಇಂದಿಗೂ ಕೋಲಿನ ತುದಿಯಲ್ಲಿ ಅದೇ ಇರುತ್ತದೆ.

ಭೂಗೋಳದ ಪಾಠದಲ್ಲಿ ಗಾಳಿಯ ದಿಕ್ಕನ್ನು ವಿವರಿಸುವಾಗ ಕೊರಿಯಾಲಿಸ್ ಎಂಬ ಹೆಸರು ಬರುತ್ತದೆ. ಗಾಸ್ಪಾರ್ ಗುಸ್ತಾವ್ ಕೊರಿಯಾಲಿಸ್ ಫ್ರಾನ್ಸಿನ ಎಂಜಿನಿಯರು, ಗಣಿತಜ್ಞ. ಜೀವನವೆಲ್ಲ ಆರೋಗ್ಯ ಕೈಕೊಟ್ಟವನು. ತಿರುಗುವ ಯಂತ್ರಗಳನ್ನು ಕುರಿತು ಅವನು ಬರೆದ ಲೇಖನ ಪ್ರಕಟವಾದದ್ದು 1835ರಲ್ಲಿ. ಅದನ್ನು ಗಾಳಿಗೆ ಅನ್ವಯಿಸಿದವರು ಮುಂದಿನವರು. ಅದೇ ವರ್ಷ ಅವನು ಬಿಲಿಯರ್ಡ್ಸ್ ಆಟದ ಗಣಿತವನ್ನು ಕುರಿತು ಒಂದು ಇಡೀ ಪುಸ್ತಕವನ್ನೇ ಹೊರತಂದನು. ಡಿಕ್ಕಿಯಾದ ಮೇಲೆ ಹೊಡೆದ ಚೆಂಡು, ಮತ್ತೆ ಸಲೀಸಾಗಿ ಉರುಳತೊಡಗುವವರೆಗೆ ಪರವಲಯವೆಂಬ ವಕ್ರರೇಖೆಯಲ್ಲಿ ಸಾಗುವುದೆಂದು ಅದರಲ್ಲಿ ಸಾಧಿಸಿದ್ದಾನೆ. ಹೊತ್ತು ಕಳೆಯುವವರ ಆಟವೆಂದು ಹಿರಿಯರು ಮೂಗುಮುರಿಯುತ್ತಿದ್ದ ಒಂದು ವಿಷಯಕ್ಕೆ ವಿದ್ವಾಂಸನೊಬ್ಬನು ಇಷ್ಟು ಗಂಭೀರವಾಗಿ ಮನಸ್ಸು ಕೊಟ್ಟದ್ದು ಮೆಚ್ಚತಕ್ಕ ಸಂಗತಿ.

ಬಣ್ಣದ ಚೆಂಡಿನ ಓರೆಯಲ್ಲಿ ಬೆರಗುಗೊಳಿಸುವ ಮಾತೊಂದುಂಟು. ಜೋರಾಗಿ ಹೊಡೆದಷ್ಟೂ ಓರೆ ಹೆಚ್ಚಬೇಕೆಂದು ತೋರುತ್ತದೆಯಲ್ಲವೆ? ಆಗುವುದು ಅದಕ್ಕೆ ವಿರುದ್ಧ. ಮೇಲ್ಮೈಗಳು ಒಂದರ ಮೇಲೊಂದು ವೇಗವಾಗಿ ಜಾರಿದಷ್ಟೂ ಅವುಗಳ ಹಿಡಿತ ಕಡಿಮೆ. ಆದಕಾರಣ ಮೆಲ್ಲಗೆ ಹೊಡೆದ ಚೆಂಡೇ ಹೆಚ್ಚು ಓರೆಯಾಗಿ ಹೋಗುತ್ತದೆ. ಮಿತಿಮೀರಿದ ತಿರುಗಿಗಿಂತ ಮಧ್ಯಮ ತಿರುಗೇ ಹೆಚ್ಚು ಎಳೆಯುತ್ತದೆ. ತಿರುಗೇ ಇಲ್ಲದೆ ಚೆಂಡನ್ನು ಅಂಚಿನಲ್ಲಿ ತಗುಲಿಸಿದರೂ ಉಜ್ಜಾಟ ತಪ್ಪದು. ಆಗ ಬಣ್ಣದ ಚೆಂಡು ಬಿಳಿಯದು ಸಾಗುವ ದಿಕ್ಕಿಗೆ ಕೊಂಚ ಎಳೆಯಲ್ಪಡುತ್ತದೆ. ಬಲ್ಲವರು ಅದಕ್ಕೆ ತಕ್ಕಷ್ಟು ಎದುರು ತಿರುಗನ್ನು ಕೊಡುತ್ತಾರೆ. ಆಗ ಎರಡು ಚೆಂಡುಗಳ ಮುಖಗಳು ಗಡಿಯಾರದ ಹಲ್ಲುಚಕ್ರಗಳಂತೆ ಜಾರದೆ ಕೂಡಿ ಸಾಗಿ, ಚೆಂಡು ಇಟ್ಟ ಗುರಿಯತ್ತಲೇ ಹೋಗುತ್ತದೆ.

ಇನ್ನೊಂದು ತೊಡಕಿದೆ. ಎಡಕ್ಕೆ ಹೊಡೆದಾಗ ಬಿಳಿಯ ಚೆಂಡು ಕೋಲಿನ ನೇರವನ್ನು ಬಿಟ್ಟು ಒಂದೆರಡು ಡಿಗ್ರಿ ಬಲಕ್ಕೆ ಚಿಮ್ಮುತ್ತದೆ. ಕೋಲಿನ ಹಿಂಬದಿಯನ್ನು ಎತ್ತಿ ಹಿಡಿದಿದ್ದರೆ ಆಮೇಲೆ ಸ್ವಲ್ಪ ಎಡಕ್ಕೆ ಬಾಗುವುದೂ ಉಂಟು. ಹತ್ತಿರದ ಹೊಡೆತದಲ್ಲಿ ಈ ಚಿಮ್ಮುವಿಕೆ ಅಷ್ಟು ಬಾಧಿಸದು. ದೂರದ ಹೊಡೆತದಲ್ಲಿ ಬಿಳಿಯ ಚೆಂಡು ಬಣ್ಣದ ಚೆಂಡಿನ ಬಲಮಗ್ಗುಲಿಗೆ ತಗುಲಿ ಅದನ್ನು ಎಡಕ್ಕೆ ತಳ್ಳುತ್ತದೆ. ತಿರುಗು ಅದನ್ನು ಬಲಕ್ಕೆ ಎಳೆಯುತ್ತದೆ. ಕೆಲವು ಸಲ ಈ ಎರಡು ತಪ್ಪುಗಳೂ ಒಂದನ್ನೊಂದು ಕಳೆದು ಚೆಂಡು ನೆಟ್ಟಗೆ ಪಾಕೆಟ್ಟಿಗೆ ಬೀಳುತ್ತದೆ. ಆಟಗಾರನು ತನ್ನ ಗುರಿಯೇ ಗುರಿಯೆಂದು ಮೀಸೆ ತಿರುವುತ್ತಾನೆ. ಪಾಪ, ಮರುದಿನ ಅಂತರ ಒಂದಿಷ್ಟು ಬದಲಾದರೆ ಅದೇ ಗುರಿ ಕೈಕೊಡುತ್ತದೆ. ಏಕೆಂದು ಅವನಿಗೆ ಹೊಳೆಯುವುದಿಲ್ಲ.

ಬಿಳಿಯ ಚೆಂಡು ರಬ್ಬರಿನ ಅಂಚನ್ನು ಮುಟ್ಟಿದಾಗ ತಿರುಗಿನ ಪ್ರಭಾವ ಎಲ್ಲರ ಕಣ್ಣಿಗೂ ಕಾಣುತ್ತದೆ. ಅಲ್ಲಿ ಹಿಡಿತ ಬಲವಾದುದು. ಎಡತಿರುಗಿನ ಚೆಂಡು ಅಂಚಿನಿಂದ ಎಡಕ್ಕೇ ಜಿಗಿಯುತ್ತದೆ. ಆಟಗಾರನು ಬಯಸಿದ್ದುದೂ ಅದನ್ನೇ. ಅದಕ್ಕಾಗಿ ತೆರಬೇಕಾದ ಬೆಲೆ ಬಣ್ಣದ ಚೆಂಡಿನ ಆ ಸಣ್ಣ ಓರೆ. ಅದನ್ನು ಮೊದಲೇ ಲೆಕ್ಕಹಾಕಿ ಒಂದೆಳೆ ಎಡಕ್ಕೆ ಗುರಿಯಿಟ್ಟಿದ್ದರೆ ಚೆಂಡು ಬೀಳುತ್ತಿತ್ತು.

ಆ ಬೆಲೆಯಾದರೂ ದಿನದಿನಕ್ಕೆ ಏರಿಳಿಯುತ್ತದೆ. ಚೆಂಡುಗಳು ನುಣುಪಾಗಿ, ಶುಭ್ರವಾಗಿ ಇದ್ದರೆ ಓರೆ ಕಡಿಮೆ. ಕೈಯ ಜಿಡ್ಡು, ಧೂಳು ಕೂಡಿದರೆ ಹೆಚ್ಚು. ಕೋಲಿನ ತುದಿಗೆ ಹಚ್ಚುವ ಚಾಕಿನ ಒಂದು ಕಣ ಎರಡು ಚೆಂಡುಗಳ ನಡುವೆ ಸಿಕ್ಕಿಕೊಂಡಿತೆಂದರೆ ಎಂಥ ನಿಪುಣನ ಹೊಡೆತವೂ ಕೆಡುತ್ತದೆ. ಸ್ನೂಕರಿನ ದೊಡ್ಡ ಪಂದ್ಯಗಳಲ್ಲಿ ಆಟಗಾರನು ಕೇಳಿಕೊಂಡಾಗ, ಬಿಳಿಯ ಕೈಚೀಲ ತೊಟ್ಟ ತೀರ್ಪುಗಾರನು ಚೆಂಡಿನ ಸ್ಥಳವನ್ನು ಗುರುತು ಮಾಡಿ, ಅದನ್ನೆತ್ತಿ ಒರೆಸಿ, ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಮತ್ತೆ ಅಲ್ಲಿಯೇ ಇಡುತ್ತಾನೆ. ಅಷ್ಟು ಹೊತ್ತೂ ಆಟಗಾರನು ಕೋಲನ್ನು ನೆಲಕ್ಕೂರಿ ಸುಮ್ಮನೆ ಕಾಯುತ್ತಾನೆ.